ಯಾರೂ ಕೇಳದ ಪ್ರಶ್ನೆಗೆ ಬಂದ ಉತ್ತರಗಳು

ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ನನ್ನ ಕೆಲಸ. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ ಮುಗಿಸಿದಾಗಿನಿಂದ ಆರೋಗ್ಯ, ಕುಟುಂಬ, ಕೂಲಿ, ಚುನಾವಣೆ ಎಂದು ಒಂದಲ್ಲ ಒಂದು ಸಮೀಕ್ಷೆಯ ಫಾರಂ ಹಿಡಿದುಕೊಂಡು ಗದಗ, ಕೊಪ್ಪಳ, ಹಾವೇರಿ ಕಡೆಯ ಊರುಗಳಲ್ಲಿ ಓಡಾಡಿದ್ದೇನೆ. ಆಗ ಕಾಗದದ ಪ್ರಶ್ನಾವಳಿ ಇತ್ತು, ಈಗ ಟ್ಯಾಬ್ ಬಂದಿದೆ. ಉತ್ತರದ ಸ್ವಭಾವ ಮಾತ್ರ ಬದಲಾಗಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ನೋಡಿಕೊಂಡೇ ಜನ ಮಾತಾಡುತ್ತಾರೆ. ಸೊಸೆಗೆ ಕೇಳಿದ್ದಕ್ಕೆ ಅತ್ತೆ ಉತ್ತರ ಕೊಡುತ್ತಾರೆ. ಕುಡಿತದ ಬಗ್ಗೆ ಕೇಳಿದರೆ ಗಂಡಸರು ನಕ್ಕು ಮಾತು ಹಾರಿಸುತ್ತಾರೆ. ಹೊಡೆತ ಬಡಿತದ ವಿಷಯವನ್ನು ಬೇರೆ ಯಾರೂ ಇಲ್ಲದ ಜಾಗದಲ್ಲಿ ಕೂತು ಕೇಳಬೇಕೆಂಬ ನಿಯಮವೇ ಇದೆ. ಹಾಗೆ ಕೇಳಿದಾಗಲೂ "ನಮ್ಮ ಮನ್ಯಾಗ ಅಂಥಾದ್ದೇನ ಇಲ್ರಿ ಅಕ್ಕಾರ" ಎಂಬ ಉತ್ತರ ಎಷ್ಟೋ ಸಲ ಪ್ರಶ್ನೆ ಮುಗಿಯುವ ಮೊದಲೇ ಬಂದುಬಿಡುತ್ತದೆ.

ಅದೇ ಮನುಷ್ಯರು ಒಬ್ಬರೇ ಇದ್ದಾಗ ಫೋನಿನಲ್ಲಿ ಏನನ್ನು ಹುಡುಕುತ್ತಾರೆ? ಹೇಳಿಕೊಳ್ಳಲಾಗದ ಕಾಯಿಲೆ, ತೀರಿಸಲಾಗದ ಸಾಲ, ಮಗುವಾಗದ ಸಂಕಟ, ಬಿಟ್ಟುಹೋಗಬೇಕೆಂದಿರುವ ಮದುವೆ. ಗೂಗಲ್ ಎದುರು ಯಾರೂ ಮಾನ ಕಾಪಾಡಿಕೊಳ್ಳಬೇಕಿಲ್ಲ. ಸಮಾಜವಿಜ್ಞಾನಿಗಳು ಅಂತರ್ಜಾಲದ ಕಡೆ ತಿರುಗಿದ್ದಕ್ಕೆ ಇದು ಬಹುದೊಡ್ಡ ಕಾರಣ. ಜನ ಹುಡುಕಿದ ಪದಗಳು, ಬರೆದ ಪೋಸ್ಟು, ಹಾಕಿದ ಕಾಮೆಂಟು, ಒತ್ತಿದ ಲೈಕು, ಕಳಿಸಿದ ಫಾರ್ವರ್ಡು, ಇವೆಲ್ಲ ಯಾವ ಹೊತ್ತಿನಲ್ಲಿ ಎಲ್ಲಿಂದ ನಡೆದವು ಎಂಬ ವಿವರ ಕಂಪನಿಗಳ ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗುತ್ತದೆ. ಈ ದಾಖಲೆಯನ್ನು ಓದಿ ಸಮಾಜವನ್ನು ಅರಿಯುವ ಪ್ರಯತ್ನ ಈಗೊಂದು ದೊಡ್ಡ ಅಧ್ಯಯನ ಕ್ಷೇತ್ರವಾಗಿ ಬೆಳೆದಿದೆ.

ನನ್ನಂಥವರ ಫಾರಂಗೂ ಈ ದಾಖಲೆಗೂ ಇರುವ ವ್ಯತ್ಯಾಸ ಗಾತ್ರದ್ದಲ್ಲ. ಫಾರಂನಲ್ಲಿ ಉತ್ತರದ ಪಕ್ಕದಲ್ಲಿ ಪ್ರಶ್ನೆ ಅಚ್ಚಾಗಿರುತ್ತದೆ. ಯಾರು ಕೇಳಿದರು, ಯಾರಿಗೆ ಕೇಳಿದರು, ಯಾವ ದಿನ ಕೇಳಿದರು ಎಂಬುದೂ ಅಲ್ಲಿರುತ್ತದೆ. ಜಾಲದಲ್ಲಿ ಸಿಗುವುದು ಯಾರೂ ಕೇಳದೆ ಬಂದ ಉತ್ತರ. ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಓದುವವರು ಕಂಡುಹಿಡಿದುಕೊಳ್ಳಬೇಕು. ಈ ಕ್ಷೇತ್ರದ ಗೆಲುವೂ ಸೋಲೂ ಅಲ್ಲೇ ನಿರ್ಧಾರವಾಗುತ್ತವೆ.

ಗೆಲುವಿನದ್ದನ್ನು ಮೊದಲು ಹೇಳುತ್ತೇನೆ. ಚೀನಾ ಸರ್ಕಾರ ಜಾಲದಲ್ಲಿ ಯಾವ ಮಾತನ್ನು ಅಳಿಸುತ್ತದೆ, ಯಾವುದನ್ನು ಬಿಡುತ್ತದೆ? ಇದನ್ನು ಯಾರ ಮನೆಗೆ ಹೋಗಿ ಕೇಳುವುದು? ಅಳಿಸುವವರು ಹೇಳುವುದಿಲ್ಲ, ಬರೆದವರಿಗೆ ಹೇಳಲು ಭಯ. ಹಾರ್ವರ್ಡ್‌ನ ಗ್ಯಾರಿ ಕಿಂಗ್, ಜೆನಿಫರ್ ಪ್ಯಾನ್, ಮಾರ್ಗರೆಟ್ ರಾಬರ್ಟ್ಸ್ ಬೇರೆ ದಾರಿ ಹಿಡಿದರು. ಸುಮಾರು 1,400 ಚೀನೀ ತಾಣಗಳಲ್ಲಿ ಬಂದ ಪೋಸ್ಟುಗಳನ್ನು ಸರ್ಕಾರದ ಕೈ ಬೀಳುವ ಮೊದಲೇ ಇಳಿಸಿಟ್ಟುಕೊಂಡರು. ಆಮೇಲೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಯಾವುದು ಉಳಿದಿದೆ, ಯಾವುದು ಕಾಣೆಯಾಗಿದೆ ಎಂದು ನೋಡುತ್ತ ಹೋದರು. 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬಹಳ ಜನರ ನಂಬಿಕೆಗೆ ವಿರುದ್ಧವಾಗಿತ್ತು. ಸರ್ಕಾರವನ್ನು, ನಾಯಕರನ್ನು ಕಟುವಾಗಿ ಬೈದ ಮಾತು ಎಷ್ಟೋ ಕಡೆ ಹಾಗೇ ಉಳಿದಿತ್ತು. ಜನರು ಒಂದೆಡೆ ಗುಂಪುಗೂಡಲು ಕಾರಣವಾಗಬಹುದಾದ ಮಾತುಗಳು ಅಳಿದುಹೋಗಿದ್ದವು, ಅವುಗಳಲ್ಲಿ ಸರ್ಕಾರದ ಪರವಾಗಿ ಬರೆದವೂ ಇದ್ದವು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತವಾದಾಗ, ಉಪ್ಪಿನಲ್ಲಿರುವ ಅಯೋಡಿನ್ ವಿಕಿರಣದಿಂದ ಕಾಪಾಡುತ್ತದೆಂಬ ವದಂತಿ ಹಬ್ಬಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಜನ ಉಪ್ಪಿಗಾಗಿ ಮುಗಿಬಿದ್ದರು. ಅದರಲ್ಲಿ ರಾಜಕೀಯದ ಸೋಂಕೂ ಇರಲಿಲ್ಲ. ಆದರೂ ಆ ಮಾತುಗಳನ್ನು ಅಳಿಸಲಾಯಿತು. ಬೈದರೆ ಬೈಯಲಿ, ಒಟ್ಟಿಗೆ ಬೀದಿಗೆ ಬರಬಾರದು ಎಂಬ ಆಡಳಿತದ ಭಯ ಅಂಕಿಗಳಲ್ಲಿ ಎದ್ದು ಕಂಡಿತು. ಎಂಥ ಸಮೀಕ್ಷೆಯಿಂದಲೂ ನಮಗೆ ಇದು ಸಿಗುತ್ತಿರಲಿಲ್ಲ.

ಇನ್ನು ಸೋಲು. ಅಮೆರಿಕದಲ್ಲಿ ಫ್ಲೂ ಜ್ವರ ಎಷ್ಟು ಹಬ್ಬಿದೆ ಎಂಬ ಲೆಕ್ಕವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ವೈದ್ಯರ ವರದಿ ಸೇರಿಸಿ ಕೊಡುತ್ತದೆ. ಅದು ಕೈಸೇರುವ ಹೊತ್ತಿಗೆ ಒಂದೆರಡು ವಾರ ಹಳೆಯದಾಗಿರುತ್ತದೆ. ಜ್ವರ ಬಂದವರು ಆಸ್ಪತ್ರೆಗಿಂತ ಮೊದಲು ಗೂಗಲ್‌ಗೆ ಹೋಗುತ್ತಾರಲ್ಲ, ಅವರು ಹುಡುಕುವ ಪದಗಳಿಂದಲೇ ಜ್ವರದ ಪ್ರಮಾಣ ತಿಳಿಯಬಹುದಲ್ಲ ಎಂದು ಗೂಗಲ್ ಎಂಜಿನಿಯರುಗಳು ಯೋಚಿಸಿದರು. 5 ಕೋಟಿ ಹುಡುಕು ಪದಗಳನ್ನು ಜರಡಿ ಹಿಡಿದು 45ನ್ನು ಉಳಿಸಿಕೊಂಡರು. 2008ರ ನವೆಂಬರಿನಲ್ಲಿ ಗೂಗಲ್ ಫ್ಲೂ ಟ್ರೆಂಡ್ಸ್ ಶುರುವಾಯಿತು, ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಲೇಖನವೂ ಬಂತು. ಕೆಲಸ ಬೆರಗು ಹುಟ್ಟಿಸುವಂಥದ್ದೇ. 2011ರಲ್ಲಿ ಇದೇ ಬಗೆಯ ಡೆಂಗಿ ಲೆಕ್ಕಾಚಾರವನ್ನು ಭಾರತವೂ ಸೇರಿದಂತೆ ಕೆಲವು ದೇಶಗಳಿಗೆ ವಿಸ್ತರಿಸಿದರು. ಮಳೆಗಾಲ ಬಂತೆಂದರೆ ಡೆಂಗಿ ಭಯದಲ್ಲಿ ಬದುಕುವ ನಮಗೆ ಅದರ ಆಸೆ ಅರ್ಥವಾಗುತ್ತದೆ.

ಆದರೆ 2009ರಲ್ಲಿ ಹಂದಿಜ್ವರ ಬಂದಾಗ ಗೂಗಲ್‌ನ ಫ್ಲೂ ಲೆಕ್ಕ ನಿಜವಾದ ಪ್ರಮಾಣಕ್ಕಿಂತ ಕೆಳಗೆ ಬಿತ್ತು. 2012-13ರ ಚಳಿಗಾಲದಲ್ಲಿ ಸರ್ಕಾರಿ ಲೆಕ್ಕದ ಹೆಚ್ಚುಕಡಿಮೆ ಎರಡರಷ್ಟು ಜ್ವರ ತೋರಿಸಿತು. ಡೇವಿಡ್ ಲೇಜರ್ ಮತ್ತು ಸಂಗಡಿಗರು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಕಾರ, 2011ರ ಆಗಸ್ಟಿನಿಂದಾಚೆಗಿನ 108 ವಾರಗಳಲ್ಲಿ 100 ವಾರ ಅದು ಹೆಚ್ಚಿಗೆಯೇ ಹೇಳಿತ್ತು. ಕಾರಣಗಳನ್ನು ನೋಡಿದರೆ, ಟಿವಿಯಲ್ಲಿ ಜ್ವರದ ಸುದ್ದಿ ಬಂದ ಕೂಡಲೇ ಆರೋಗ್ಯವಂತರೂ ಜ್ವರದ ಬಗ್ಗೆ ಹುಡುಕುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ನಾವು ಒಂದು ಪದ ಬರೆಯುವಷ್ಟರಲ್ಲಿ ಗೂಗಲ್ ತಾನೇ ಮುಂದಿನ ಪದ ಸೂಚಿಸುತ್ತದೆ, ಆ ಸೂಚನೆಯ ರೀತಿಯನ್ನು ಕಂಪನಿ ತನ್ನ ವ್ಯಾಪಾರಕ್ಕಾಗಿ ಆಗಾಗ ಬದಲಿಸುತ್ತಿರುತ್ತದೆ. ಅಂಗಡಿಯವನು ತಕ್ಕಡಿಯ ಕಲ್ಲನ್ನೇ ಬದಲಿಸುತ್ತಿದ್ದರೆ ಅಕ್ಕಿಯ ತೂಕ ಹೇಳುವುದು ಹೇಗೆ? 2015ರಲ್ಲಿ ಈ ಸೇವೆ ನಿಂತಿತು. ಹುಡುಕು ಪದದಿಂದ ರೋಗ ತಿಳಿಯುವ ಯೋಚನೆಯನ್ನೇ ಕೈಬಿಡಿ ಎಂದು ಲೇಜರ್ ಹೇಳಲಿಲ್ಲ, ಹಳೆಯ ಸರ್ಕಾರಿ ಲೆಕ್ಕದ ಜೊತೆ ಇದನ್ನು ಸೇರಿಸಿದರೆ ಎರಡಕ್ಕೂ ಬಲ ಬರುತ್ತದೆ ಎಂದರು. ಕ್ಷೇತ್ರಕಾರ್ಯ ಮಾಡುವ ನನಗೆ ಈ ಮಾತು ತುಂಬ ಸಮಾಧಾನ ಕೊಟ್ಟಿದೆ.

ಜಾಲದ ಮಾತನ್ನು ಎಣಿಸಿ ಫಲಿತಾಂಶ ಹೇಳುವ ಮೋಹ ಚುನಾವಣೆಯಲ್ಲಂತೂ ಇನ್ನೂ ಹೆಚ್ಚು. 2009ರ ಜರ್ಮನಿಯ ಚುನಾವಣೆಗೆ ಮುಂಚಿನ ಒಂದು ಲಕ್ಷಕ್ಕೂ ಹೆಚ್ಚು ಟ್ವೀಟುಗಳಲ್ಲಿ ಯಾವ ಪಕ್ಷದ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಅದು ಮತಪ್ರಮಾಣಕ್ಕೆ ಹತ್ತಿರ ಹತ್ತಿರ ಇದೆ ಎಂದು ಒಂದು ತಂಡ ಹೇಳಿತು. ಆಂಡ್ರಿಯಾಸ್ ಯುಂಗೆರ್ ಮತ್ತು ಸಹಲೇಖಕರು ಅದನ್ನು ಪರಿಶೀಲಿಸಿದರು. ಮೊದಲ ತಂಡ ದೊಡ್ಡ ಪಕ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಅಂತರ್ಜಾಲದ ಸ್ವಾತಂತ್ರ್ಯಕ್ಕೆಂದೇ ಹುಟ್ಟಿದ ಪೈರೇಟ್ ಪಾರ್ಟಿಯನ್ನೂ ಸೇರಿಸಿದರೆ ಟ್ವಿಟರ್ ಲೆಕ್ಕದಲ್ಲಿ ಅದೇ ಗೆಲ್ಲುತ್ತಿತ್ತು. ನಿಜವಾದ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು ಶೇ 2 ಮತ. ಆ ಟ್ವೀಟುಗಳು 'ಯಾರಿಗೆ ಮತ ಹಾಕುತ್ತೀರಿ' ಎಂಬ ಪ್ರಶ್ನೆಗೆ ಬಂದ ಉತ್ತರಗಳಾಗಿರಲೇ ಇಲ್ಲ. ನಮ್ಮ ಟಿವಿ ಚಾನೆಲ್‌ಗಳು ಚುನಾವಣೆ ಬಂದಾಗ ಹ್ಯಾಶ್‌ಟ್ಯಾಗ್ ಎಣಿಸಿ ಜನಾಭಿಪ್ರಾಯ ಎಂದು ತೋರಿಸುವಾಗಲೆಲ್ಲ ಪೈರೇಟ್ ಪಾರ್ಟಿಯನ್ನು ನೆನಪಿಸಬೇಕೆನಿಸುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ಸಮಸ್ಯೆ ಇನ್ನೊಂದು ಬಗೆಯದು. ಲಕ್ಷಗಟ್ಟಲೆ ಕಾಮೆಂಟುಗಳನ್ನು ಮನುಷ್ಯರು ಕೂತು ಓದಲಾಗದು. ಅವು ಮೆಚ್ಚುಗೆಯೋ, ಕೋಪವೋ, ನಿಂದೆಯೋ ಎಂದು ಗುರುತಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಇದರ ಹಳೆಯ ವಿಧಾನ ಬಹಳ ಸರಳ. ಒಳ್ಳೆಯ ಪದಗಳ ಒಂದು ಪಟ್ಟಿ, ಕೆಟ್ಟ ಪದಗಳ ಒಂದು ಪಟ್ಟಿ, ಯಾವುದು ಎಷ್ಟು ಬಂದಿದೆ ಎಂಬ ಎಣಿಕೆ. ಕನ್ನಡ ಸಿನಿಮಾದ ಟ್ರೇಲರ್ ಕೆಳಗೆ ಬರುವ ಕಾಮೆಂಟುಗಳನ್ನು ಈ ವಿಧಾನಕ್ಕೆ ಕೊಟ್ಟು ನೋಡಿ. 'ಬೆಂಕಿ ಗುರು', 'ಚಿಂದಿ', 'ಕೊಂದೇಬಿಟ್ಟ ಬಾಸು' ಎಂಬ ಹೊಗಳಿಕೆಯೆಲ್ಲ ಹಿಂಸೆಯ ಪಟ್ಟಿಗೆ ಸೇರಿಹೋಗುತ್ತದೆ. ಬಹಳ ಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. 'ಚೆನ್ನಾಗಿದೆ' ಎಂಬ ಒಂದೇ ಮಾತಿಗೆ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಕಂಪ್ಯೂಟರಿಗೆ ಅವೆಲ್ಲ ಬೇರೆ ಬೇರೆ ಪದ. ಕಲಬುರಗಿಯವರ ಒಂದು ವಾಕ್ಯ, ಮಂಗಳೂರಿನವರ ಒಂದು ವಾಕ್ಯ, ನಡುವೆ ಅರ್ಧ ಇಂಗ್ಲಿಷು.

ಇದಕ್ಕೆ ಶ್ರಮಪಟ್ಟು ಪರಿಹಾರ ಹುಡುಕುತ್ತಿರುವವರೂ ಇದ್ದಾರೆ. 2020ರಲ್ಲಿ ಆದೀಪ್ ಹಂದೆ, ರೂಬಾ ಪ್ರಿಯದರ್ಶಿನಿ, ಭಾರತಿ ರಾಜ ಚಕ್ರವರ್ತಿ ಎಂಬ ಸಂಶೋಧಕರು ಕನ್ನಡ ಇಂಗ್ಲಿಷ್ ಬೆರೆತ 7,671 ಯೂಟ್ಯೂಬ್ ಕಾಮೆಂಟುಗಳನ್ನು ಸಂಗ್ರಹಿಸಿ, ಕನ್ನಡ ಬಲ್ಲವರಿಂದ ಒಂದೊಂದನ್ನೂ ಓದಿಸಿ, ಇದು ಮೆಚ್ಚುಗೆ, ಇದು ನಿಂದೆ ಎಂದು ಗುರುತು ಹಾಕಿಸಿದರು. ಯಂತ್ರ ಕನ್ನಡ ಕಲಿಯುವುದು ಹೀಗೆ ಮನುಷ್ಯರು ಹಾಕಿಕೊಟ್ಟ ಗುರುತಿನಿಂದ. ಇಂಗ್ಲಿಷಿಗೆ ಇಂಥ ಸಂಗ್ರಹಗಳು ರಾಶಿ ರಾಶಿಯಾಗಿವೆ, ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಭಾರತದ ಸಮಾಜವನ್ನು ಸೋಶಿಯಲ್ ಮೀಡಿಯಾದಿಂದ ಅಧ್ಯಯನ ಮಾಡಿದ್ದೇವೆ ಎಂದು ಯಾರಾದರೂ ಹೇಳಿದಾಗ ಯಾವ ಭಾಷೆಯ ಭಾರತ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಹಳ್ಳಿಗಳ ಮಾತು ನಡೆಯುವುದು ಬಹುಮಟ್ಟಿಗೆ ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿ ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರೂ ಓದುವಂತಿಲ್ಲ. ಈ ಗೋಪ್ಯತೆ ಒಳ್ಳೆಯದು, ಅದು ಇರಬೇಕು. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಏನಾಯಿತು ಎಂಬುದನ್ನು ನಾವ್ಯಾರೂ ಮರೆಯಬಾರದು. ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂದೆ ಹೋಯಿತು. ಮುರ್ಕಿ ಎಂಬ ಊರಿನ ಬಳಿ ಗುಂಪು ಅವರನ್ನು ತಡೆದು ಹೊಡೆಯಿತು, ಒಬ್ಬರು ಸತ್ತರು. ಆ ವರ್ಷ ಇಂಥ ಕೊಲೆಗಳು ಹಲವು ರಾಜ್ಯಗಳಲ್ಲಿ ನಡೆದವು. ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡುವಂತಿಲ್ಲ ಎಂಬ ಮಿತಿ ಭಾರತದಲ್ಲಿ ಬಂದದ್ದು ಆ ತಿಂಗಳಲ್ಲೇ.

ಜನ ಏಕೆ ನಂಬಿದರು? ಕಂಪ್ಯೂಟರಿನ ಎದುರು ಕೂತು ಇದಕ್ಕೆ ಉತ್ತರ ಹುಡುಕಲಾಗದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬಾನಾಜಿ ಮತ್ತು ರಾಮ್ ಭಟ್ ಅವರು ಬೆಂಗಳೂರಿನ ಮರಾ ಸಂಸ್ಥೆಯ ಸಂಗಡಿಗರ ಜೊತೆ ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ಜನರನ್ನು ಗುಂಪಾಗಿಯೂ ಒಬ್ಬೊಬ್ಬರಾಗಿಯೂ ಕೂರಿಸಿಕೊಂಡು ಮಾತಾಡಿಸಿ 2019ರಲ್ಲಿ ವರದಿ ಕೊಟ್ಟರು. ಓದುಬರಹ ಬಾರದ, ಫೋನ್ ಹೊಸದಾಗಿ ಕಂಡ ಬಡವರು ಮೋಸಹೋಗುತ್ತಾರೆ ಎಂಬ ಸುಲಭದ ವಿವರಣೆಯನ್ನು ಆ ವರದಿ ಒಪ್ಪುವುದಿಲ್ಲ. ತಂತ್ರಜ್ಞಾನ ಚೆನ್ನಾಗಿ ಬಲ್ಲವರೇ ಇಂಥ ಸಂದೇಶ ಹಂಚುತ್ತಾರೆ. ದಲಿತರು, ಮುಸ್ಲಿಮರು, ಆದಿವಾಸಿಗಳ ಬಗ್ಗೆ ಮೊದಲೇ ಮನಸ್ಸಿನಲ್ಲಿರುವ ಪೂರ್ವಗ್ರಹಕ್ಕೆ ಸಂದೇಶ ಹೊಂದಿಕೊಂಡರೆ ಅದು ನಿಜವೋ ಸುಳ್ಳೋ ಎಂಬ ಯೋಚನೆಯೇ ಹಿಂದೆ ಸರಿಯುತ್ತದೆ. ನಾನು ಓಡಾಡಿದ ಊರುಗಳ ಅನುಭವವೂ ಇದನ್ನೇ ಹೇಳುತ್ತದೆ.

ಜನರ ನಡುವೆ ಇದ್ದು ತಿಳಿಯುವ ಮಾತು ಬಂದಾಗ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರನ್ನು ನೆನೆಯಬೇಕು. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅವರು 1948ರಲ್ಲಿ ಇದ್ದು ಟಿಪ್ಪಣಿ ಮಾಡಿಕೊಂಡರು. ವರ್ಷಾನುಗಟ್ಟಲೆ ತಿದ್ದಿ ಜೋಡಿಸಿದ ಆ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಆಮೇಲೆ ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅದು ಸಾಧ್ಯವಾದದ್ದು ಅವರು ಆ ಜನರ ನಡುವೆ ಬಾಳಿದ್ದರಿಂದ. ಲಕ್ಷಾಂತರ ಪೋಸ್ಟುಗಳ ಒಂದು ಕಡತ ಕಳೆದುಹೋದರೆ ಅದನ್ನು ವಿಶ್ಲೇಷಿಸಿದವರ ನೆನಪಿನಲ್ಲಿ ಏನು ಉಳಿದಿರುತ್ತದೆ ಎಂದು ನಾನು ತರಬೇತಿಗೆ ಬರುವ ಹುಡುಗ ಹುಡುಗಿಯರನ್ನು ಕೇಳುತ್ತಿರುತ್ತೇನೆ.

ನನಗೆ ತೀರ ಹತ್ತಿರದ ಇನ್ನೊಂದು ವಿಷಯವಿದೆ, ಒಪ್ಪಿಗೆ. ನಮ್ಮ ಫಾರಂನ ಮೊದಲ ಪುಟವೇ ಅದು. ಯಾಕೆ ಬಂದಿದ್ದೇವೆ, ಉತ್ತರ ಏನಾಗುತ್ತದೆ ಎಂದು ಓದಿ ಹೇಳಬೇಕು. ಎದುರಿನವರು "ಬ್ಯಾಡ್ರಿ, ನಮಗ ಕೆಲಸ ಐತಿ" ಎಂದರೆ ಕೈಮುಗಿದು ಮುಂದಿನ ಮನೆಗೆ ಹೋಗಬೇಕು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಬಳಕೆದಾರರ ಮೇಲೆ ಪ್ರಯೋಗ ಮಾಡಿತು. ಕೆಲವರಿಗೆ ಸಂತಸದ ಪೋಸ್ಟುಗಳನ್ನು ಕಡಿಮೆ ಮಾಡಿ, ಕೆಲವರಿಗೆ ದುಃಖದವನ್ನು ಕಡಿಮೆ ಮಾಡಿ, ಅವರು ಬರೆಯುವ ಮಾತಿನಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡಿತು. ಬದಲಾವಣೆ ಅತ್ಯಲ್ಪ. ಆದರೆ 2014ರಲ್ಲಿ ಪ್ರಬಂಧ ಪ್ರಕಟವಾದಾಗ ಎದ್ದ ಪ್ರಶ್ನೆ ಅಲ್ಪದ್ದಲ್ಲ. ಆ ಜನರಲ್ಲಿ ಯಾರನ್ನೂ ಕೇಳಿರಲಿಲ್ಲ. ಖಾತೆ ತೆರೆಯುವಾಗ ನಿಯಮಗಳಿಗೆ ಒಪ್ಪಿದ್ದಾರಲ್ಲ ಎಂಬುದೇ ಸಮರ್ಥನೆಯಾಗಿತ್ತು. ಪ್ರಕಟಿಸಿದ ಪತ್ರಿಕೆಯೇ ಮುಂದಿನ ತಿಂಗಳು ಒಪ್ಪಿಗೆಯ ಬಗ್ಗೆ ಕಳವಳ ವ್ಯಕ್ತಪಡಿಸಿ ಟಿಪ್ಪಣಿ ಹಾಕಿತು. ಅವರಲ್ಲಿ ಮೊದಲೇ ಖಿನ್ನತೆಯಲ್ಲಿದ್ದವರು ಎಷ್ಟು ಮಂದಿಯೋ. ಒಂದು ವಾರ ಅವರ ಕಣ್ಣೆದುರಿನಿಂದ ಸಂತಸವನ್ನು ತೆಗೆದಿಟ್ಟದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಹೆಸರು ತೆಗೆದುಹಾಕಿದ್ದೇವೆ ಎಂಬ ಮಾತೂ ಸಾಲದು. 2006ರಲ್ಲಿ ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ನೆರವಾಗಲೆಂದು ಸುಮಾರು ಆರೂವರೆ ಲಕ್ಷ ಜನರ ಹುಡುಕಾಟದ ದಾಖಲೆಯನ್ನು ಬಹಿರಂಗವಾಗಿ ಹಾಕಿತು. ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಇತ್ತು. ಊರಿನ ಹೆಸರು, ಬಂಧುಗಳ ಅಡ್ಡಹೆಸರು, ಕಾಯಿಲೆಗಳು, ಹೀಗೆ ಒಬ್ಬರೇ ಹುಡುಕಿದ ಪದಗಳನ್ನು ಜೋಡಿಸಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಕೆಲವೇ ದಿನಗಳಲ್ಲಿ ಒಬ್ಬ ಮಹಿಳೆಯನ್ನು ಅವರ ಮನೆಯ ತನಕ ಹೋಗಿ ಮಾತಾಡಿಸಿದರು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ವಿವರಕ್ಕೆ ಅನ್ವಯಿಸುವುದಿಲ್ಲ. ಕಾನೂನು ಬಿಟ್ಟಿತು ಎಂದು ಸಂಶೋಧಕರೂ ಬಿಟ್ಟುಬಿಡಬಾರದು. ತನ್ನೂರಿನವರು ಓದಲಿ ಎಂದು ಒಬ್ಬ ಹೆಣ್ಣುಮಗಳು ಬರೆದ ಕಾಮೆಂಟನ್ನು ಅಕ್ಷರ ಬಿಡದೆ ಪ್ರಬಂಧದಲ್ಲಿ ಉದ್ಧರಿಸಿದರೆ ಅದೇ ಸಾಲನ್ನು ಹುಡುಕಿ ಯಾರು ಬೇಕಾದರೂ ಆಕೆಯನ್ನು ತಲುಪಬಹುದು. ಎಚ್ಚರವುಳ್ಳ ಸಂಶೋಧಕರು ಮಾತನ್ನು ಬದಲಿಸಿ ಬರೆಯುತ್ತಾರೆ.

ಇಷ್ಟರ ನಡುವೆ ಬಾಗಿಲುಗಳೂ ಮುಚ್ಚುತ್ತಿವೆ. ಟ್ವಿಟರ್ 2021ರಲ್ಲಿ ವಿಶ್ವವಿದ್ಯಾಲಯದ ಸಂಶೋಧಕರಿಗೆ ತಿಂಗಳಿಗೆ ಒಂದು ಕೋಟಿ ಟ್ವೀಟುಗಳ ತನಕ ಉಚಿತವಾಗಿ ಕೊಡುತ್ತಿತ್ತು. ಮಾಲೀಕರು ಬದಲಾದ ಮೇಲೆ, 2023ರಲ್ಲಿ ಅದು ನಿಂತಿತು. ಫೇಸ್‌ಬುಕ್‌ನ ಸಾರ್ವಜನಿಕ ಪೋಸ್ಟುಗಳು ಹೇಗೆ ಹರಡುತ್ತವೆ ಎಂದು ಪತ್ರಕರ್ತರು, ಸಂಶೋಧಕರು ನೋಡುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸೌಲಭ್ಯವನ್ನು ಮೆಟಾ 2024ರ ಆಗಸ್ಟಿನಲ್ಲಿ ಮುಚ್ಚಿತು. ಯುರೋಪಿನ ಕಾನೂನು ಅರ್ಹ ಸಂಶೋಧಕರಿಗೆ ದತ್ತಾಂಶ ಕೊಡಲೇಬೇಕೆಂದು ದೊಡ್ಡ ಕಂಪನಿಗಳಿಗೆ ಹೇಳುತ್ತದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ನಮ್ಮ ಸಮಾಜದ ಮಾತು ಕಂಪನಿಯ ಒಳಗಿದೆ, ಓದಬೇಕಾದ ನಮ್ಮ ವಿಶ್ವವಿದ್ಯಾಲಯಗಳು ಹೊರಗಿವೆ.

ಬಾಗಿಲು ತೆರೆದಿದ್ದರೂ ಎಲ್ಲರೂ ಒಳಗೆ ಸಿಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದವರು ಶೇ 33, ಗಂಡಸರಲ್ಲಿ ಶೇ 57. ಅಂದರೆ ಆ ಹೊತ್ತಿಗೆ ಮೂವರು ಹೆಂಗಸರಲ್ಲಿ ಇಬ್ಬರು ಯಾವ ಹುಡುಕಾಟದಲ್ಲೂ, ಯಾವ ಕಾಮೆಂಟಿನಲ್ಲೂ ಇರಲಿಲ್ಲ. ಅವರಿಲ್ಲ ಎಂಬುದನ್ನು ಜಾಲದ ದತ್ತಾಂಶ ತಾನಾಗಿ ಹೇಳದು. ಅದು ಗೊತ್ತಾದದ್ದು ಬಾಗಿಲು ತಟ್ಟಿ ಕೇಳಿದ್ದರಿಂದ.

ಎರಡೂ ದಾರಿ ಸೇರುವ ಒಂದು ಕೆಲಸ ಈಚೆಗೆ ನಡೆದಿದೆ. ಸಂಶೋಧಕ ಕಿರಣ್ ಗರಿಮೆಲ್ಲ ಅವರು ಮೊದಲು, ಲಿಂಕ್ ಇದ್ದರೆ ಯಾರು ಬೇಕಾದರೂ ಸೇರಬಹುದಾದ ರಾಜಕೀಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಅಧ್ಯಯನ ಮಾಡಿದ್ದರು. ಅಂಥ ಗುಂಪು ಬೇರೆ, ಮನೆಯವರ, ಕೇರಿಯವರ ಗುಂಪು ಬೇರೆ. ಹಾಗಾಗಿ ಅವರೂ ಸಿಮೊನ್ ಶೊಷಾರ್ ಅವರೂ 2023ರಲ್ಲಿ ಉತ್ತರಪ್ರದೇಶದಲ್ಲಿ ಸುಮಾರು 500 ಬಳಕೆದಾರರನ್ನು ಕೇಳಿ, ಅವರು ಒಪ್ಪಿದ ಮೇಲೆ, ಅವರ ಗುಂಪುಗಳ ಸಂದೇಶಗಳನ್ನು ಪಡೆದರು. ಯಾವ ಗುಂಪನ್ನು ಕೊಡಬೇಕೆಂದು ಬಳಕೆದಾರರೇ ಆರಿಸಿದರು. 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಗುರುತಿದ್ದ 1,858 ಸಂದೇಶಗಳನ್ನು ಪರಿಶೀಲಿಸಿದಾಗ, ಕೃತಕ ಬುದ್ಧಿಮತ್ತೆಯಿಂದ ತಯಾರಾದವು ಶೇ 1ರಷ್ಟು ಮಾತ್ರ ಎಂದು 2024ರಲ್ಲಿ ವರದಿ ಮಾಡಿದರು. ಎಲ್ಲೆಲ್ಲೂ ನಕಲಿ ವಿಡಿಯೊಗಳೇ ತುಂಬಿವೆ ಎಂಬ ಗದ್ದಲದ ನಡುವೆ ಆ ಹೊತ್ತಿನ ನಿಜ ಚಿತ್ರ ಹೀಗೆ ಸಿಕ್ಕಿತು.

ಕನ್ನಡದಲ್ಲಿ ಇಂಥದ್ದೊಂದು ಅಧ್ಯಯನ ಆಗಬೇಕು, ಫಾರಂ ಹಿಡಿದು ಹೋಗಲು ನಾನು ಸಿದ್ಧಳಿದ್ದೇನೆ. ಸಂದೇಶಗಳ ಜೊತೆಗೆ ಕೇಳಬೇಕಾದ ಪ್ರಶ್ನೆಗಳನ್ನೂ ಬರೆದಿಟ್ಟುಕೊಂಡಿದ್ದೇನೆ: ಈ ಫೋನು ಮನೆಯಲ್ಲಿ ಯಾರದು, ರಾತ್ರಿ ಯಾರ ಹತ್ತಿರ ಇರುತ್ತದೆ, ನಿಮಗೆ ಬಂದದ್ದನ್ನು ಬೇರೆ ಯಾರು ಓದುತ್ತಾರೆ, ಯಾವ ಗುಂಪಿಗೆ ನೀವಾಗಿ ಸೇರಿದಿರಿ, ಯಾವುದಕ್ಕೆ ಕೇಳದೆ ಸೇರಿಸಿದರು, ತಿಂಗಳಿಗೆ ರೀಚಾರ್ಜ್ ಯಾರು ಮಾಡಿಸುತ್ತಾರೆ.